ಪರದೆ ತೆರೆದಿದೆ, ಕುರ್ಚಿ ಖಾಲಿಯಿದೆ

ಮಧ್ಯಾಹ್ನದ ಚಹಾ ವೇಳೆ. ಬ್ಯಾಂಕ್ ಶಾಖೆಯ ಅಧಿಕಾರಿ ಕುರ್ಚಿ ಬಿಟ್ಟು ಎದ್ದಿದ್ದಾರೆ. ಮೇಜಿನ ಮೇಲಿನ ಗಣಕಯಂತ್ರದಲ್ಲಿ ಗ್ರಾಹಕರೊಬ್ಬರ ಖಾತೆಯ ವಿವರ ಹಾಗೆಯೇ ತೆರೆದಿದೆ. ಕೌಂಟರಿನ ಬಳಿ ನಿಂತವರು ಕೊಂಚ ಬಾಗಿದರೆ ಹೆಸರು, ಮೊಬೈಲ್ ಸಂಖ್ಯೆ, ಖಾತೆಯಲ್ಲಿರುವ ಹಣ ಎಲ್ಲವೂ ಕಾಣುತ್ತವೆ. ಆಸ್ಪತ್ರೆಯ ನೋಂದಣಿ ವಿಭಾಗದಲ್ಲಾಗಲಿ, ತೆರಿಗೆ ಸಲಹೆಗಾರರ ಕಚೇರಿಯಲ್ಲಾಗಲಿ ಇದು ಅಪರೂಪದ ದೃಶ್ಯವೇನಲ್ಲ.

ಅನ್ಯರು ಓದಿಬಿಡುವ ಅಪಾಯ ಎಲ್ಲರಿಗೂ ತಿಳಿದದ್ದೇ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬ್ಯಾಂಕುಗಳಲ್ಲಿ ಒಬ್ಬರು ವ್ಯವಹಾರ ದಾಖಲಿಸಿದರೆ ಮತ್ತೊಬ್ಬರು ಪರಿಶೀಲಿಸಿ ಅನುಮೋದಿಸುವ 'ಮೇಕರ್-ಚೆಕರ್' ಪದ್ಧತಿಯಿದೆ. ಅನುಮೋದನೆಯ ವೇಳೆ ಪಾಸ್‌ವರ್ಡ್ ಅಥವಾ ಬೆರಳಚ್ಚನ್ನು ಮತ್ತೆ ಕೇಳುವ ವ್ಯವಸ್ಥೆ ಇಲ್ಲದಿದ್ದಲ್ಲಿ, ಮೇಲಧಿಕಾರಿಯ ತೆರೆದ ಪರದೆಯಿಂದ ಎರಡೂ ಕೆಲಸಗಳನ್ನು ಒಬ್ಬರೇ ಮಾಡಿ ಮುಗಿಸಬಹುದು. ದಾಖಲೆಯಲ್ಲಿ ಉಳಿಯುವುದು ಲಾಗಿನ್ ಆದವರ ಹೆಸರು ಮಾತ್ರ. ಮುಂದೆ ವಿಚಾರಣೆ ನಡೆದಾಗ ಆ ಹೊತ್ತಿನಲ್ಲಿ ತಾವು ಕುರ್ಚಿಯಲ್ಲಿರಲಿಲ್ಲವೆಂದು ವಿವರಿಸುವ ಪಾಡು ಅವರದೇ.

ಪರಿಹಾರವೋ ಒಂದು ಸೆಕೆಂಡಿನದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಇಂದಿನವರೆಗೂ ವಿಂಡೋಸ್ ಚಿಹ್ನೆಯ ಕೀಲಿಯೊಂದಿಗೆ 'ಎಲ್' ಒತ್ತಿದರೆ ಪರದೆ ಲಾಕ್ ಆಗುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಕಂಟ್ರೋಲ್, ಕಮಾಂಡ್ ಮತ್ತು 'ಕ್ಯೂ' ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಲಾಕ್ ಮಾಡಿದರೆ ಅರ್ಧ ಮಾಡಿದ ಕೆಲಸ ಹಾಳಾದೀತೆಂಬ ಭಯ ಅನೇಕರಲ್ಲಿದೆ, ಅದು ನಿರಾಧಾರ. ತೆರೆದ ಕಡತಗಳು ಹಾಗೆಯೇ ಇರುತ್ತವೆ. ಮಾನಿಟರಿನ ಗುಂಡಿ ಆರಿಸಿ ಹೋಗುವುದು ಮಾತ್ರ ರಕ್ಷಣೆಯಲ್ಲ, ಅದೇ ಗುಂಡಿ ಒತ್ತಿದರೆ ಎಲ್ಲವೂ ಮರಳಿ ಕಾಣುತ್ತದೆ.

ಸ್ಕ್ರೀನ್‌ಸೇವರ್ ಹುಟ್ಟಿದ್ದು ಬೇರೆ ಕಾರಣಕ್ಕೆ. ಹಳೆಯ ಗಾಜಿನ ಮಾನಿಟರುಗಳಲ್ಲಿ ಒಂದೇ ಚಿತ್ರ ಬಹುಕಾಲ ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿದುಬಿಡುತ್ತಿತ್ತು. ಈಗ ಅದು ಕಾವಲು ಕಾಯಬೇಕಾದರೆ, ಮರಳಿದಾಗ ಲಾಗಿನ್ ಕೇಳುವ ಆಯ್ಕೆಯನ್ನು ಗುರುತು ಮಾಡಿರಬೇಕು. ಅವಧಿಯ ಪ್ರಶ್ನೆಯೂ ಇದೆ. ಪಾವತಿ ಕಾರ್ಡುಗಳ ಮಾಹಿತಿ ನಿರ್ವಹಿಸುವವರಿಗೆ ಅನ್ವಯವಾಗುವ ಪಿಸಿಐ ಡಿಎಸ್‌ಎಸ್ ಮಾನದಂಡದಂತೆ 15 ನಿಮಿಷಕ್ಕೂ ಹೆಚ್ಚು ಕಾಲ ಯಂತ್ರ ಸುಮ್ಮನಿದ್ದರೆ ಬಳಕೆದಾರರು ಮತ್ತೆ ಗುರುತು ದೃಢಪಡಿಸಬೇಕು. ಜನರು ಓಡಾಡುವ ಕೌಂಟರಿಗೆ 15 ನಿಮಿಷ ತೀರ ದೀರ್ಘ; ಎರಡು ಮೂರು ನಿಮಿಷ ಸಾಕು. 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ 'ಡೈನಾಮಿಕ್ ಲಾಕ್' ಸೌಲಭ್ಯವು ಬ್ಲೂಟೂತ್ ಮೂಲಕ ಜೋಡಿಸಿದ ಮೊಬೈಲ್ ದೂರ ಸರಿದ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಬೀಗ ಹಾಕುತ್ತದೆ. ಮೊಬೈಲನ್ನು ಮೇಜಿನ ಮೇಲೆಯೇ ಮರೆತು ಹೋಗುವವರಿಗೆ ಇದು ನಿಷ್ಪ್ರಯೋಜಕ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಮಂಜಸ ಸುರಕ್ಷತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ.

ಪಾಳಿಯಲ್ಲಿ ಹಲವರು ಬಳಸುವ ಯಂತ್ರಗಳದು ಬೇರೆಯೇ ಸಮಸ್ಯೆ. ಒಬ್ಬರು ಲಾಕ್ ಮಾಡಿ ಮನೆಗೆ ಹೋದರೆ ಮುಂದಿನವರ ಕೆಲಸ ನಿಲ್ಲುತ್ತದೆಂದು ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಕೆಲವೆಡೆ ಅದನ್ನು ಮಾನಿಟರಿನ ಅಂಚಿಗೇ ಅಂಟಿಸಿರುತ್ತಾರೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ನೀಡಿ, ಪಾಳಿ ಮುಗಿದೊಡನೆ ಪೂರ್ಣ ಲಾಗ್‌ಔಟ್ ಆಗುವಂತೆ ಏರ್ಪಡಿಸುವುದು ಅಲ್ಲಿಯ ದಾರಿ.