ಸ್ಲೈಡ್‌ನಲ್ಲಿ ತಿರುಗುವ ಮೂರು ಆಯಾಮದ ಗ್ರಾಫ್

ಸಭೆಯ ಮುಂದೆ ಸ್ಲೈಡ್ ತೋರಿಸುತ್ತಿರುವಾಗಲೇ ಮೌಸ್‌ನಿಂದ ತಿರುಗಿಸಿ, ಹಿಗ್ಗಿಸಿ, ಬೇಕಾದ ಬಿಂದುವಿನ ಅಂಕಿ ಓದಬಹುದಾದ ಗ್ರಾಫ್ ಇದು. ಮೈಸೂರಿನ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆಗಳ ಕೆಲಸವನ್ನು ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. ಒಂದು ಪದಾರ್ಥವನ್ನು ಎಷ್ಟು ಶಾಖದಲ್ಲಿ, ಎಷ್ಟು ಹೊತ್ತು ಒಣಗಿಸಿದರೆ ಗುಣ ಕೆಡದೆ ಉಳಿಯುತ್ತದೆ ಎಂದು ಹುಡುಕಲು ಆಹಾರ ವಿಜ್ಞಾನಿಗಳು ‘ರೆಸ್ಪಾನ್ಸ್ ಸರ್ಫೇಸ್’ ವಿಧಾನವನ್ನು ಬಳಸುತ್ತಾರೆ. ಜಾರ್ಜ್ ಬಾಕ್ಸ್ ಮತ್ತು ಕೆ.ಬಿ. ವಿಲ್ಸನ್ 1951ರಲ್ಲಿ ಮಂಡಿಸಿದ ವಿಧಾನವಿದು. ಶಾಖ ಒಂದು ಅಕ್ಷ, ಸಮಯ ಇನ್ನೊಂದು, ಫಲಿತಾಂಶ ಎತ್ತರ. ಒಟ್ಟಿನಲ್ಲಿ ಗುಡ್ಡ-ಕಣಿವೆಗಳಿರುವ ಒಂದು ಮೇಲ್ಮೈ. ಒಂದೇ ಕೋನದಿಂದ ಮುದ್ರಿಸಿದರೆ ಗುಡ್ಡದ ಹಿಂದಿನ ತಗ್ಗು ಮರೆಯಾಗುತ್ತದೆ. ಶಿಖರವೆಂದು ಕಂಡದ್ದು ಉದ್ದನೆಯ ದಿಣ್ಣೆಯೂ ಆಗಿರಬಹುದು, ಮತ್ತು ಆಗ ಶಿಫಾರಸು ಮಾಡಬೇಕಾದ ಶಾಖವೇ ಬೇರೆಯಾಗುತ್ತದೆ.

ತಿರುಗಿಸಿ ನೋಡುವ ಆಸೆ ಕಂಪ್ಯೂಟರಿಗಿಂತ ಹಳೆಯದು. ವಿಜ್ಞಾನಿ ಗಿಬ್ಸ್‌ನ ಉಷ್ಣಗತಿ ಮೇಲ್ಮೈಯನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1874ರಲ್ಲಿ ಕೈಯಾರೆ ರೂಪಿಸಿ, ಅದರ ಪ್ಲಾಸ್ಟರ್ ಅಚ್ಚೊಂದನ್ನು ಗಿಬ್ಸ್‌ಗೇ ಕಳುಹಿಸಿದ್ದ.

1987ರಲ್ಲಿ ಬಂದ ಪವರ್‌ಪಾಯಿಂಟ್ ಉಪನ್ಯಾಸಗಳ ರೀತಿಯನ್ನೇ ಬದಲಿಸಿತಾದರೂ ಗ್ರಾಫ್ ಮಾತ್ರ ಅಂಟಿಸಿದ ಚಿತ್ರವಾಗಿಯೇ ಉಳಿಯಿತು. 1997ರಲ್ಲಿ ಅಂತರರಾಷ್ಟ್ರೀಯ ಮಾನಕವಾದ, ಮೂರು ಆಯಾಮದ ದೃಶ್ಯಗಳನ್ನು ವೆಬ್‌ನಲ್ಲಿ ತೋರಿಸುವ ವಿಆರ್‌ಎಂಎಲ್‌ಗೆ ಬ್ರೌಸರಿನಲ್ಲಿ ಪ್ರತ್ಯೇಕ ಪ್ಲಗಿನ್ ಬೇಕಿತ್ತು. ಆಮೇಲಿನ ದೊಡ್ಡ ಹೆಜ್ಜೆ ಪಿಡಿಎಫ್‌ನದು. 2004ರಲ್ಲಿ ಮೂರು ಆಯಾಮದ ಚಿತ್ರಗಳಿಗಾಗಿ ಯು3ಡಿ ಮಾನಕ ರೂಪುಗೊಂಡಿತು. ಅಕ್ರೋಬ್ಯಾಟ್ 7 ಅದನ್ನು ಪುಟದೊಳಗೇ ತೋರಿಸತೊಡಗಿತು. ಲೇಟೆಕ್ ಬಳಸುವ ಗಣಿತ, ಭೌತವಿಜ್ಞಾನದವರು ಬೀಮರ್ ಸ್ಲೈಡ್‌ಗಳಲ್ಲಿ ಅಲೆಕ್ಸಾಂಡರ್ ಗ್ರಾನ್ ಬರೆದ ಮೂವಿ15, ಬಳಿಕ ಮೀಡಿಯಾ9 ಪ್ಯಾಕೇಜುಗಳಿಂದ ಇಂಥ ಗ್ರಾಫ್‌ಗಳನ್ನು ಸೇರಿಸಿದರು. ಆದರೆ ಅವು ತಿರುಗುತ್ತಿದ್ದದ್ದು ಹೆಚ್ಚಾಗಿ ಅಡೋಬಿಯ ತಂತ್ರಾಂಶದಲ್ಲಿ ಮಾತ್ರ. ಬ್ರೌಸರಿನಲ್ಲಿ ತೆರೆದರೆ ಅದೇ ಕಡತದಲ್ಲಿ ನಿಶ್ಚಲ ಚಿತ್ರವೋ ಖಾಲಿ ಚೌಕವೋ ಕಾಣುತ್ತಿತ್ತು.

2011ರ ವೆಬ್‌ಜಿಎಲ್ ಈ ಕಟ್ಟು ಬಿಡಿಸಿತು. ಪ್ಲಗಿನ್ ಇಲ್ಲದೆ ಬ್ರೌಸರೇ ಗ್ರಾಫಿಕ್ಸ್ ಚಿಪ್ಪನ್ನು ಬಳಸುವಂತಾಯಿತು. ಅದೇ ವರ್ಷ ರಿವೀಲ್ ಜೆಎಸ್ ಬಂದು, ಸ್ಲೈಡ್‌ಗಳೇ ವೆಬ್ ಪುಟಗಳಾದವು. 2015ರ ನವೆಂಬರಿನಲ್ಲಿ ಗ್ರಾಫ್ ಬರೆಯುವ ಲೈಬ್ರರಿ ಪ್ಲಾಟ್ಲಿ ಜೆಎಸ್ ಮುಕ್ತ ತಂತ್ರಾಂಶವಾಯಿತು; ಆರ್ ಅಥವಾ ಪೈಥಾನ್ ಬಲ್ಲವರು ಕೆಲವೇ ಸಾಲುಗಳಲ್ಲಿ ಮೇಲ್ಮೈ ಬರೆದು ಸ್ಲೈಡಿಗೆ ಸೇರಿಸಬಹುದಾಯಿತು. ಆ ಲೈಬ್ರರಿಯನ್ನೂ ಸ್ಲೈಡಿನ ಕಡತದಲ್ಲೇ ಅಡಕಗೊಳಿಸಿದರೆ ಇಂಟರ್ನೆಟ್ ಇಲ್ಲದ ಸಭಾಂಗಣದಲ್ಲೂ ಅದು ನಡೆಯುತ್ತದೆ. ಇಂದಿಗೂ ಇದೇ ಉತ್ತಮ ದಾರಿ. 2017ರಿಂದ ಪವರ್‌ಪಾಯಿಂಟ್ ಕೂಡ ಮೂರು ಆಯಾಮದ ಮಾದರಿಗಳನ್ನು ಒಳಗೊಳ್ಳುತ್ತಿದೆ. ಯಂತ್ರದ ಬಿಡಿಭಾಗ ತೋರಿಸಲು ಅದು ಸಾಕು, ಬಿಂದುವಿನ ಅಂಕಿ ಓದಲು ಸಾಲದು.

ಆದರೆ ಇಂಥ ತಂತ್ರಗಳು ಬೇಗ ಹಳತಾಗುತ್ತವೆ. ವಿಆರ್‌ಎಂಎಲ್ ಪ್ಲಗಿನ್‌ಗಳು ಮರೆಯಾದವು. ಭದ್ರತೆಯ ಕಾರಣಕ್ಕೆ ಅಡೋಬಿ ರೀಡರ್ ಕೂಡ ಈಗ ಪಿಡಿಎಫ್‌ನೊಳಗಿನ ಮೂರು ಆಯಾಮದ ಚಿತ್ರಗಳನ್ನು ತಾನಾಗಿ ಚಾಲೂ ಮಾಡುವುದಿಲ್ಲ, ಅನುಮತಿ ಕೇಳುತ್ತದೆ. ಆದ್ದರಿಂದ ಇಂಥ ಗ್ರಾಫ್ ತಯಾರಿಸುವವರು ಅದರೊಂದಿಗೆ ಎರಡು ಕೋನಗಳ ಸ್ಥಿರಚಿತ್ರ, ಒಂದು ಸಮೋನ್ನತಿ ರೇಖೆಗಳ (ಕಾಂಟೂರ್) ನಕ್ಷೆ ಮತ್ತು ಮೂಲ ಅಂಕಿಗಳ ಕಡತವನ್ನು ತಪ್ಪದೆ ಉಳಿಸಿಡಬೇಕು.