ಕೌಂಟರಿನ ಮಾತು, ಪರದೆಯ ಅಕ್ಷರ: ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಬಂದ ಒಂದು ಮನೆಯ ದಾಖಲೆ

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದ್ಕೊಳ್ತೇನೆ. ನನ್ನ ವಿಷಯ ನೋಡಿ ಕೆಲವು ಸ್ನೇಹಿತರು ‘ಇದು ಇತಿಹಾಸದ ಸೆಮಿನಾರೋ ಕಂಪ್ಯೂಟರ್ ಕ್ಲಾಸೋ’ ಅಂತ ಕೇಳಿದ್ರು. ನನ್ನ ಉತ್ತರ ಇಷ್ಟೇ. ಪುರಸಭೆಯ ವೆಬ್‌ಸೈಟು ನಮ್ಮ ಕಾಲದ ಕಡತ. ಹಿಂದಿನ ಶಾನುಭೋಗರು, ವ್ಯಾಪಾರಿಗಳು ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಲೆಕ್ಕ ಬರೀತಿದ್ದರಲ್ಲ, ಅದೇ ಕಡತ. ಬೇಕಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಪರದೆಯ ಮೇಲಿನ ದಾಖಲೆಯೂ ಹಾಗೇ. ಕಡತವನ್ನು ಯಾರು ಬರೆದರು, ಯಾವ ಭಾಷೆಯಲ್ಲಿ ಬರೆದರು, ಯಾರಿಗೆ ಓದಲು ಬಂತು ಎಂದು ಕೇಳುವುದು ನಮ್ಮ ಕಸುಬು. ಆ ಪ್ರಶ್ನೆಗಳನ್ನೇ ಇಲ್ಲಿ ವೆಬ್‌ಸೈಟಿಗೆ ಕೇಳಿದ್ದೇನೆ.

ಇದು ಹುಟ್ಟಿದ್ದು ನಮ್ಮ ಮನೆಯಲ್ಲೇ. ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಕಲ್ಯಾಣದುರ್ಗದ ಕಡೆಯ ಹಳ್ಳಿಯವರು. ಪಾವಗಡ, ಚಳ್ಳಕೆರೆ ತಾಲ್ಲೂಕುಗಳಿಗೆ ತಾಗಿದ ಸೀಮೆ ಅದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಇತ್ತೀಚೆಗೆ ಹಿಂದೂಪುರದಲ್ಲಿ ಒಂದು ಹಳೆಯ ಮನೆ ಕೊಂಡು ಅಲ್ಲಿಗೆ ಬಂದರು. ನೋಂದಣಿ ಮುಗಿದಿತ್ತು. ಉಳಿದದ್ದು ತೆರಿಗೆ ಪುಸ್ತಕದಲ್ಲಿ ಹೆಸರು ಬದಲಾವಣೆ ಮತ್ತು ನಲ್ಲಿ ಸಂಪರ್ಕ. ‘ನೀನು ಓದಿದೋಳು, ಕಂಪ್ಯೂಟರಿನಾಗೆ ಮಾಡ್ಕೊಡಮ್ಮ’ ಎಂದರು ಚಿಕ್ಕಪ್ಪ. ಮನೆ ಇದ್ದದ್ದು ಚಿಕ್ಕಮ್ಮನ ಹೆಸರಲ್ಲಿ.

ಮೊದಲ ಹೆಜ್ಜೆಯಲ್ಲೇ ನಾನು ಎಡವಿದೆ. ಮನೆಯ ಹಳೆಯ ಪತ್ರದಲ್ಲಿ ಅನಂತಪುರ ಜಿಲ್ಲೆ ಎಂದಿತ್ತು. ನಾನೂ ಅನಂತಪುರ ಜಿಲ್ಲೆಯ ಪುರಸಭೆಗಳ ಪಟ್ಟಿ ತೆರೆದೆ. ಕಲ್ಯಾಣದುರ್ಗ ಇತ್ತು, ಹಿಂದೂಪುರ ಇರಲಿಲ್ಲ. ಕಾಲು ಗಂಟೆ ಹುಡುಕಿದ ಮೇಲೆ ನೆನಪಾಯ್ತು: 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದ 13 ಜಿಲ್ಲೆಗಳು 26 ಆದವು. ಹಿಂದೂಪುರ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ತಪ್ಪು ನನ್ನದೇ. ಆದರೆ ಆ ಪಟ್ಟಿ ನನಗೊಂದು ಪಾಠ ಹೇಳಿತು. ಚಿಕ್ಕಪ್ಪನ ಸಂಸಾರ ಹಿಂದೆ ಒಂದೇ ಜಿಲ್ಲೆಯಾಗಿದ್ದ ಸೀಮೆಯೊಳಗೆ ಊರು ಬದಲಿಸಿತ್ತು. ದಾಖಲೆಯಲ್ಲಿ ಮಾತ್ರ ಜಿಲ್ಲೆಯನ್ನೇ ದಾಟಿತ್ತು.

ಈ ಸೀಮೆಗೆ ಇದು ಹೊಸದಲ್ಲ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಪ್ರದೇಶ ಇದು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ. ಮುಂದೆ ಬಳ್ಳಾರಿ ಜಿಲ್ಲೆಯ ಭಾಗವಾಗಿ, 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆ ಆಯಿತು. 1953ರಲ್ಲಿ ಮದ್ರಾಸಿನಿಂದ ಆಂಧ್ರ ರಾಜ್ಯ, 1956ರಲ್ಲಿ ಆಂಧ್ರಪ್ರದೇಶ, 1985ರಲ್ಲಿ ತಾಲ್ಲೂಕು ಹೋಗಿ ಮಂಡಲ. ಮನೆ ಇದ್ದಲ್ಲೇ ಇತ್ತು, ಅದರ ಮೇಲಿನ ವಿಳಾಸ ಬದಲಾಗುತ್ತಾ ಹೋಯ್ತು. ಹಿಂದೂಪುರಕ್ಕೆ ಪುರಸಭೆ ಬಂದದ್ದು 1920ರಲ್ಲಿ. ಮದ್ರಾಸು ಪ್ರಾಂತ್ಯದ ಜಿಲ್ಲಾ ಪುರಸಭೆಗಳ ಕಾಯ್ದೆಯೂ ಅದೇ ವರ್ಷದ್ದು. ಅಂದರೆ ಈ ವೆಬ್‌ಸೈಟಿನ ಹಿಂದೆ ನೂರು ವರ್ಷ ದಾಟಿದ ಒಂದು ಕಚೇರಿ ಇದೆ.

ಈಗ ಭಾಷೆಗೆ ಬರ್ತೇನೆ. ಹಿಂದೂಪುರದ ಹತ್ತಿರದ ಲೇಪಾಕ್ಷಿ ದೇವಾಲಯದಲ್ಲಿ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಮಡಕಶಿರಾ ಕಡೆಯ ಹೇಮಾವತಿ ನೊಳಂಬರ ಹೆಂಜೇರು. ಇದನ್ನು ‘ಈ ನೆಲ ನಮ್ಮದು’ ಅನ್ನೋದಕ್ಕೆ ಹೇಳ್ತಾ ಇಲ್ಲ. ದಾಖಲೆಯ ಭಾಷೆಗೂ ಬೀದಿಯ ಭಾಷೆಗೂ ಇಲ್ಲಿ ಒಂದಕ್ಕೊಂದು ಗಂಟು ಬಿದ್ದಿಲ್ಲ ಅನ್ನೋದಕ್ಕೆ ಹೇಳ್ತಾ ಇದ್ದೇನೆ. ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಕನ್ನಡದಲ್ಲೂ ಬರೆದರು. ವಿದ್ವಾಂಸರಿಗೆ ಎರಡು ಭಾಷೆ ಎರಡು ಸಂಪತ್ತು. ಅರ್ಜಿ ಹಿಡಿದು ಬಂದವರಿಗೆ ಹಾಗಲ್ಲ. ಅವರು ಆಡುವುದು ಒಂದು ಭಾಷೆಯಲ್ಲಿ, ಬರೆಯಿಸಿಕೊಳ್ಳಬೇಕಾದದ್ದು ಇನ್ನೊಂದರಲ್ಲಿ. ನಡುವೆ ಒಬ್ಬ ಮನುಷ್ಯ ಬೇಕು.

ಆ ನಡುವಿನ ಮನುಷ್ಯನೇ ನನ್ನ ಪ್ರಬಂಧದ ವಿಷಯ.

ಹಳ್ಳಿಯಲ್ಲಿ ಆತ ಕರಣಂ, ನಮ್ಮವರ ಬಾಯಲ್ಲಿ ಶಾನುಭೋಗ. ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಕೇಳ್ತಿದ್ದ, ತೆಲುಗಿನಲ್ಲಿ ಬರೀತಿದ್ದ ಎಂದು ನಮ್ಮಜ್ಜ ಹೇಳ್ತಿದ್ದರು. ಅದನ್ನು ಚಂದದ ಕಾಲ ಎಂದು ಹೇಳಲು ನಾನು ತಯಾರಿಲ್ಲ. ಆ ಜಗಲಿ ಎಲ್ಲ ಜಾತಿಯವರಿಗೂ ಒಂದೇ ಎತ್ತರದ್ದಾಗಿರಲಿಲ್ಲ. ಕೆಲವರು ಹತ್ತಿ ಕೂತರು, ಕೆಲವರು ಅಂಗಳದಲ್ಲೇ ನಿಂತರು. ಏನು ಬರೆದಿದ್ದಾನೆ ಎಂದು ನೋಡುವ ಧೈರ್ಯವಾಗಲಿ ಓದಾಗಲಿ ಬಹಳ ಜನಕ್ಕೆ ಇರಲಿಲ್ಲ. 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಸುಗ್ರೀವಾಜ್ಞೆ ತಂದು ಗ್ರಾಮಾಧಿಕಾರಿಗಳ ಹುದ್ದೆಗಳನ್ನೇ ರದ್ದು ಮಾಡಿತು. ಮರುವರ್ಷ ಅದೇ ರಾಮರಾವ್ ಹಿಂದೂಪುರದಿಂದ ಶಾಸಕರಾದರು.

ಅಲ್ಲಿಂದ ಮುಂದೆ ಜಗಲಿಯ ಜಾಗಕ್ಕೆ ಕೌಂಟರು ಬಂತು. ಆಂಧ್ರದಲ್ಲಿ ನೋಂದಣಿ ಕಚೇರಿಗಳಿಗೆ 1998ರಲ್ಲಿ ‘ಕಾರ್ಡ್’ ಯೋಜನೆಯ ಕಂಪ್ಯೂಟರ್ ಬಂತು. 2011ರಲ್ಲಿ ಮೀಸೇವಾ, 2019ರ ಅಕ್ಟೋಬರ್ 2ರಿಂದ ಗ್ರಾಮ ಮತ್ತು ವಾರ್ಡು ಸಚಿವಾಲಯಗಳು. ಇನ್ನೊಂದು ಕಡೆ ಪುರಸಭೆಗಳ ತೆರಿಗೆ, ನಲ್ಲಿ, ದೂರುಗಳೆಲ್ಲ ವೆಬ್‌ಸೈಟಿಗೆ ಏರಿದವು. ಇದಕ್ಕೆ ಆಂಧ್ರ ಬಳಸಿದ ತಂತ್ರಾಂಶ 2003ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇ-ಗವರ್ನ್‌ಮೆಂಟ್ಸ್ ಫೌಂಡೇಶನ್ನಿನದು. ಹಿಂದೂಪುರದಿಂದ ಗೌರಿಬಿದನೂರು, ಯಲಹಂಕ ದಾಟಿದರೆ ಸಿಗುವ ಊರಿನದು.

ಈಗ ನಮ್ಮ ಕೆಲಸಕ್ಕೆ ವಾಪಸ್ ಬರೋಣ. ಮನೆಯ ತೆರಿಗೆ ಖಾತೆಯನ್ನು ಅಸೆಸ್‌ಮೆಂಟ್ ನಂಬರಿನಿಂದ ಹುಡುಕಬಹುದು, ಬಾಗಿಲು ನಂಬರಿನಿಂದ ಅಥವಾ ಮಾಲೀಕರ ಹೆಸರಿನಿಂದಲೂ ಹುಡುಕಬಹುದು. ಹಿಂದಿನ ಮಾಲೀಕರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿದೆ, ಸಿಗಲಿಲ್ಲ. ನಮ್ಮ ‘ತ’ಕ್ಕೆ ಒಬ್ಬರು ಟಿ ಮಾತ್ರ ಹಾಕ್ತಾರೆ, ಇನ್ನೊಬ್ಬರು ಟಿ ಜೊತೆ ಎಚ್. ‘ಹನುಮಂತಪ್ಪ’ ಎಂಬ ಒಂದೇ ಹೆಸರನ್ನು ಎಷ್ಟು ರೀತಿ ಬರೆಯಬಹುದು ಎಂದು ನೀವೇ ಲೆಕ್ಕ ಹಾಕಿ. ಬಾಗಿಲು ನಂಬರೂ ಹಳೆಯದು. ಕೊನೆಗೆ ಕೆಲಸ ಆದದ್ದು ಹಿಂದಿನ ಮಾಲೀಕರು ಪೆಟ್ಟಿಗೆಯಲ್ಲಿ ಇಟ್ಟಿದ್ದ ಒಂದು ಮಾಸಿದ ರಸೀದಿಯಿಂದ. ಅದರಲ್ಲಿ ನಂಬರ್ ಇತ್ತು. ಕಾಗದದ ಚೀಟಿಯೇ ವೆಬ್‌ಸೈಟಿನ ಬೀಗದ ಕೈ ಆಯಿತು.

ಖಾತೆ ತೆರೆಯಿತು, ಹೊಸ ಅನುಮಾನವೂ ಹುಟ್ಟಿತು. ರಸೀದಿಯ ಮೊತ್ತಕ್ಕೂ ಪರದೆಯ ಮೊತ್ತಕ್ಕೂ ತಾಳೆ ಇಲ್ಲ. ‘ಯಾರೋ ನಮ್ಮನ್ನ ಯಾಮಾರಿಸ್ತಾವ್ರೆ’ ಎಂದರು ಚಿಕ್ಕಪ್ಪ. ನನಗೂ ಗೊತ್ತಾಗಲಿಲ್ಲ. ಮರುದಿನ ವಾರ್ಡು ಸಚಿವಾಲಯಕ್ಕೆ ಹೋದೆವು. ಅಲ್ಲಿದ್ದ ಹುಡುಗಿ ಚಿಕ್ಕಪ್ಪನ ತೆಲುಗು ಕೇಳಿದವಳೇ ನಕ್ಕು ಕನ್ನಡಕ್ಕೆ ಇಳಿದಳು. ಮಡಕಶಿರಾ ಕಡೆಯವಳಂತೆ. ‘ಮೊದಲು ಮನೆಗೆ ಬಾಡಿಗೆ ಎಷ್ಟು ಬರ್ತದೆ ಅಂತ ನೋಡಿ ಕಂದಾಯ ಹಾಕೋರು ಮಾಮಾ. 2021ರಿಂದ ಮನೆ ಬೆಲೆ ನೋಡಿ ಹಾಕ್ತಾರೆ. ಅದಕ್ಕೆ ವ್ಯತ್ಯಾಸ.’ ಎರಡು ನಿಮಿಷದ ಮಾತು. ವಾರ್ಷಿಕ ಬಾಡಿಗೆ ಮೌಲ್ಯದಿಂದ ಬಂಡವಾಳ ಮೌಲ್ಯಕ್ಕೆ ತೆರಿಗೆಯ ಬುನಾದಿ ಬದಲಾದದ್ದನ್ನು ಕಾಯ್ದೆಯ ತಿದ್ದುಪಡಿಯಲ್ಲಿ ಓದಿದ್ದರೆ ನನಗೆ ಒಂದು ಸಂಜೆ ಬೇಕಾಗ್ತಿತ್ತು. ಚಿಕ್ಕಪ್ಪನಿಗೆ ಅರ್ಥ ಆದದ್ದು ಆ ‘ಮಾಮಾ’ದಿಂದ.

ಇಲ್ಲೇ ನನ್ನ ವಾದ ಇದೆ. ಆ ಹುಡುಗಿ ಆಡಿದ ಕನ್ನಡ ಯಾವ ನಿಯಮದಲ್ಲೂ ಇಲ್ಲ. 1966ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ರಾಜ್ಯದ ಭಾಷೆ ತೆಲುಗು. 2022ರಲ್ಲಿ ಉರ್ದು ಎರಡನೆಯ ಅಧಿಕೃತ ಭಾಷೆ ಆಯಿತು. ಕೌಂಟರಿನ ಕನ್ನಡ ಮಾತ್ರ ಒಂದು ರೂಢಿ, ಒಂದು ದಾಕ್ಷಿಣ್ಯ. ರೂಢಿಯನ್ನು ತಂತ್ರಾಂಶಕ್ಕೆ ತುಂಬಲು ಬರುವುದಿಲ್ಲ. ಅದು ಬರೆದಿಟ್ಟದ್ದನ್ನು ಮಾತ್ರ ತೋರಿಸುತ್ತದೆ. ಹಾಗಾಗಿ ನಾನು ನೋಡಿದ ಪುಟಗಳಲ್ಲಿ ಇದ್ದದ್ದು ಇಂಗ್ಲಿಷ್ ಮತ್ತು ತೆಲುಗು. ಯಾರೂ ಕನ್ನಡವನ್ನು ಹೊರಗೆ ಹಾಕಿದ್ದಲ್ಲ. ಅದು ಒಳಗೆ ಇದ್ದದ್ದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ, ಅಷ್ಟೇ.

ಸಂವಿಧಾನದ 350ನೇ ವಿಧಿಯನ್ನು ಇಲ್ಲಿ ನೆನೆಯಬೇಕು. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎನ್ನುತ್ತದೆ ಅದು. ಅಂದರೆ ಹಿಂದೂಪುರದಲ್ಲಿ ಕನ್ನಡದಲ್ಲಿ ಬರೆದ ಮನವಿಗೆ ಸಂವಿಧಾನದ ಬೆಂಬಲ ಇದೆ. ಆದರೆ ಹೆಸರು ಬದಲಾವಣೆ ಮನವಿಯಲ್ಲ, ನಮೂನೆ. ನಮೂನೆಯಲ್ಲಿ ನೀವು ಮಾತಾಡುವುದಿಲ್ಲ, ಖಾಲಿ ಜಾಗ ತುಂಬುತ್ತೀರಿ. ಕಚೇರಿಯ ಜೊತೆಗಿನ ನಮ್ಮ ವ್ಯವಹಾರ ಮನವಿಯಿಂದ ನಮೂನೆಗೆ ಸರಿದಂತೆ ಆ ವಿಧಿ ಕಾಯುತ್ತಿದ್ದ ಜಾಗವೂ ಕಿರಿದಾಯಿತು.

ಗಡಿಯ ಆಚೆ ನೋಡಿದರೆ ಕನ್ನಡಿಯಲ್ಲಿ ಕಂಡಂತೆ ಇದೇ ಕಥೆ. ಪಾವಗಡ, ಬಾಗೇಪಲ್ಲಿಗಳಲ್ಲಿ ಮನೆಮಾತು ತೆಲುಗು ಆಗಿರುವ ಸಂಸಾರಗಳು ಎಷ್ಟೋ ಇವೆ. ಅವರ ಪಹಣಿ ‘ಭೂಮಿ’ಯಲ್ಲಿ ಬರುವುದು ಕನ್ನಡದಲ್ಲಿ. ನಾವು ಅದನ್ನು ಕನ್ನಡದ ಗೆಲುವು ಎಂದು ಬರೆಯುತ್ತೇವೆ, ಸರಿಯೇ. ಅಲ್ಲಿನ ಅಜ್ಜಿಯೊಬ್ಬಳು ಆ ಪಹಣಿಯನ್ನು ಯಾರ ಕೈಯಲ್ಲಿ ಓದಿಸಿಕೊಳ್ತಾಳೆ ಎಂದೂ ಕೇಳಬೇಕಲ್ಲ.

ಕೊನೆಯದಾಗಿ ಒಂದು ಘಟನೆ. ಅರ್ಜಿ ತುಂಬಿ ಮುಗಿಸಿದೆ. ಸಲ್ಲಿಸುವ ಮೊದಲು ಚಿಕ್ಕಮ್ಮನಿಗೆ ಪರದೆ ತೋರಿಸಿದೆ, ಬರೀ ಮರ್ಯಾದೆಗೆ. ಅವರು ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು, ಲಿಪಿತಜ್ಞರು ಹಳೆಯ ರೂಪವನ್ನು ಕನ್ನಡ-ತೆಲುಗು ಲಿಪಿ ಎಂದೇ ಕರೆಯುತ್ತಾರೆ. ಚಿಕ್ಕಮ್ಮ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು. ‘ಏನಮ್ಮಾ, ನನ್ನ ಹೆಸರಾಗೆ ಒಂದು ಒತ್ತು ಬಿದ್ದೋಗೈತಲ್ಲ’ ಎಂದರು. ನೋಡ್ತೀನಿ, ಹೌದು. ಕೊನೆಯ ‘ಮ್ಮ’ ಬರೀ ‘ಮ’ ಆಗಿತ್ತು. ಟೈಪು ಮಾಡಿದ್ದು ನಾನೇ. ಸಂಶೋಧನೆ ಮಾಡುವವಳ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬಿತ್ತು. ಹಾಗೇ ಹೋಗಿದ್ದರೆ ನೋಂದಣಿ ಪತ್ರದಲ್ಲಿ ಒಂದು ಹೆಸರು, ತೆರಿಗೆ ಪುಸ್ತಕದಲ್ಲಿ ಇನ್ನೊಂದು. ತೆರಿಗೆ ರಸೀದಿ ಮಾಲೀಕತ್ವದ ಪತ್ರ ಅಲ್ಲ, ನಿಜ. ಆದರೂ ಹೊಸ ಊರಲ್ಲಿ ‘ಈ ಮನೆಯವರು ನಾವು’ ಎಂದು ತೋರಿಸಲು ಮೊದಲು ಕೈಗೆ ಬರುವ ಕಾಗದ ಅದೇ.

ಜಗಲಿಯ ಕಾಲದಲ್ಲಿ ಚಿಕ್ಕಮ್ಮನಿಗೆ ಆ ಸಾಲನ್ನು ಯಾರೂ ತೋರಿಸುತ್ತಿರಲಿಲ್ಲ. ವೆಬ್‌ಸೈಟು ತೋರಿಸಿತು, ಅದರ ಉಪಕಾರ ದೊಡ್ಡದು. ಆದರೆ ಆ ಸಾಲಿನವರೆಗೆ ಅವರನ್ನು ತಂದದ್ದು ಒಂದು ಹಳೆಯ ರಸೀದಿ, ಕೌಂಟರಿನ ಹುಡುಗಿ ಮತ್ತು ನಾನು. ಕರಣಂ ಹೋದ, ನಡುವಿನ ಮನುಷ್ಯ ಹೋಗಲಿಲ್ಲ. ಈಗ ಆತ ನೆಟ್ ಸೆಂಟರಿನವನು, ಅಕ್ಕನ ಮಗ, ನನ್ನಂಥವಳು. ಗಡಿ ಊರುಗಳ ಪುರಸಭೆಯ ಇತಿಹಾಸ ಬರೆಯುವವರು ಕಾಯ್ದೆ, ಠರಾವುಗಳ ಜೊತೆಗೆ ಇವರನ್ನೂ ದಾಖಲಿಸಬೇಕು. ಇವರ ಮಾತು ಯಾವ ಕಡತದಲ್ಲೂ ಉಳಿಯುವುದಿಲ್ಲ.

ಚರ್ಚೆಯಲ್ಲಿ ಪ್ರಾಧ್ಯಾಪಕರೊಬ್ಬರು ‘ಹಾಗಾದರೆ ವೆಬ್‌ಸೈಟಿನಲ್ಲಿ ಕನ್ನಡ ಸೇರಿಸಿದರೆ ಸಮಸ್ಯೆ ಮುಗೀತಾ?’ ಎಂದು ಕೇಳಿದರು. ಸೇರಿಸಲಿ ಸರ್, ಖಂಡಿತ ಬೇಕು. ಆದರೆ ಅದಕ್ಕಿಂತ ಮೊದಲು, ಅರ್ಜಿ ತುಂಬಿಕೊಡುವ ನಾವು ‘ಸಲ್ಲಿಸು’ ಒತ್ತುವ ಮುಂಚೆ ಪರದೆಯನ್ನು ಮನೆಯವರ ಕಡೆ ತಿರುಗಿಸೋಣ. ನಾನು ಅವತ್ತು ಅದನ್ನು ಮರ್ಯಾದೆಗೆ ಮಾಡಿದ್ದೆ. ಈಗ ಪದ್ಧತಿ ಮಾಡಿಕೊಂಡಿದ್ದೇನೆ.