ಪಾಲ್ಖೀವಾಲಾ ಮತ್ತು ಎಡನೀರು ಮಠದ ಮೊಕದ್ದಮೆ

ಕಾನೂನು ಕಲಿತವರಿಗೆಲ್ಲ ಪರಿಚಿತವಾದ ಕೇಶವಾನಂದ ಭಾರತಿ ಮೊಕದ್ದಮೆಯು ಕನ್ನಡ ನುಡಿಯ ನೆಲದ ಒಂದು ಮಠದಿಂದ ಹುಟ್ಟಿತೆಂಬುದನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರು? ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಭೂಮಿ ಕೈತಪ್ಪುವುದನ್ನು ಕಂಡು, ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಪರವಾಗಿ ವಾದಿಸಿದ ಮಹನೀಯರೇ ನಾನಿ ಪಾಲ್ಖೀವಾಲಾ.

1920ರ ಜನವರಿ 16ರಂದು ಮುಂಬಯಿಯ ಪಾರಸಿ ಕುಟುಂಬವೊಂದರಲ್ಲಿ ಇವರ ಜನನ. ಪೂರ್ವಜರದು ಪಲ್ಲಕ್ಕಿಯ ಕಸುಬು. ಅದೇ ಮನೆತನದ ಹೆಸರಾಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರ ಹೆಸರಿನಲ್ಲಿಯೇ ಕಾಯಕವನ್ನು ಕಾಣುವ ನಮಗೆ ಇದು ಹೊಸತಲ್ಲ. ಬಾಲ್ಯದಲ್ಲಿ ಅವರಿಗೆ ಉಗ್ಗು ಇದ್ದಿತು. ಸತತ ಸಾಧನೆಯಿಂದ ಅದನ್ನು ಗೆದ್ದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿ ಬಯಸಿದ ಅಧ್ಯಾಪಕ ಹುದ್ದೆ ದೊರೆಯದಿರಲು ಕಾನೂನಿನತ್ತ ಹೊರಳಿದರು. 1950ರಲ್ಲಿ, ಗುರುಗಳಾದ ಜಮ್ಷೆಡ್‌ಜಿ ಕಾಂಗಾ ಅವರೊಡನೆ ಆದಾಯ ತೆರಿಗೆಯನ್ನು ಕುರಿತು ಪ್ರಕಟಿಸಿದ ಗ್ರಂಥವು ಅವರಿಗೆ ಕೀರ್ತಿ ತಂದಿತು.

ಎಡನೀರು ಮೊಕದ್ದಮೆಯನ್ನು 13 ಮಂದಿ ನ್ಯಾಯಮೂರ್ತಿಗಳು 68 ದಿನ ಆಲಿಸಿದರು. ಸಂವಿಧಾನವನ್ನು ತಿದ್ದುವ ಅಧಿಕಾರವು ಸಂವಿಧಾನವನ್ನೇ ಅಳಿಸುವ ಅಧಿಕಾರವಾಗಲಾರದೆಂಬುದು ಪಾಲ್ಖೀವಾಲಾರ ವಾದದ ತಿರುಳು. 1973ರ ಏಪ್ರಿಲ್ 24ರಂದು 7 ಮಂದಿ ಈ ಕಡೆಗೂ 6 ಮಂದಿ ಆ ಕಡೆಗೂ ನಿಂತು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂಬ ತತ್ತ್ವವು ಒಂದೇ ಮತದ ಅಂತರದಿಂದ ಉಳಿಯಿತು.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಿತವಾಗಲು, ತಾವು ವಹಿಸಿಕೊಂಡಿದ್ದ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ವಕಾಲತ್ತನ್ನು ಪಾಲ್ಖೀವಾಲಾ ತ್ಯಜಿಸಿದರು. ಅದೇ ನವೆಂಬರ್‌ನಲ್ಲಿ ಹಿಂದಿನ ತೀರ್ಪನ್ನು ಪುನರ್ವಿಮರ್ಶಿಸಲು ಕುಳಿತ ಪೀಠವು ಅವರ ಎರಡು ದಿನಗಳ ವಾದದ ಬಳಿಕ ವಿಸರ್ಜನೆಗೊಂಡಿತು. 1980ರಲ್ಲಿ ಬೆಂಗಳೂರಿನ ಮಿನರ್ವಾ ಮಿಲ್ಲಿನ ಮೊಕದ್ದಮೆಯಲ್ಲಿ ಅದೇ ತತ್ತ್ವವು ಮತ್ತಷ್ಟು ದೃಢಗೊಂಡಿತು. ಪಾಲ್ಖೀವಾಲಾ 2002ರಲ್ಲಿಯೂ, ಎಡನೀರು ಶ್ರೀಗಳು 2020ರಲ್ಲಿಯೂ ಕಾಲವಶರಾದರು.

ಆದರೆ ಭಕ್ತರು ಒಂದನ್ನು ಗಮನಿಸಬೇಕು. ಆ ತೀರ್ಪಿನಿಂದ ಮಠಕ್ಕೆ ಅದರ ಭೂಮಿ ಮರಳಲಿಲ್ಲ, ಭೂಸುಧಾರಣೆ ಊರ್ಜಿತವಾಯಿತು. 1974ರ ಬಳಿಕ ಕರ್ನಾಟಕದ ಮಠಗಳೂ ಗೇಣಿಯ ಹೊಲಗದ್ದೆಗಳನ್ನು ಬಿಟ್ಟುಕೊಡಬೇಕಾಯಿತು. ಅವು ಸೇರಿದುದು ಉಳುವವರಿಗೆ, ಎಂದರೆ ಬಹುಪಾಲು ಮಠದ ಮಕ್ಕಳಿಗೇ. ದಾಸೋಹವನ್ನು ನಂಬಿದವರು ಇದನ್ನು ನಷ್ಟವೆಂದು ಎಣಿಸಬಹುದೇ? ಒಂದು ಮಠವು ತನ್ನ ನೆಲಕ್ಕಾಗಿ ನ್ಯಾಯಾಲಯಕ್ಕೆ ಹೋಯಿತು. ತನಗೆ ದೊರೆಯದುದನ್ನು ದೇಶಕ್ಕೆ ದೊರಕಿಸಿಕೊಟ್ಟಿತು. ಭೂಮಿ ಹೋದರೂ ಮಠ ಉಳಿಯಬಲ್ಲದು. ಪ್ರಜೆಗಳ ಹಕ್ಕು ಹೋದರೆ ಮಠವೂ ಉಳಿಯದು, ಭಕ್ತನೂ ಉಳಿಯನು.